ಅಕ್ಕನ ಮಾತು ಕೇಳಿದ ಟಿವಿ

ಸವಣೂರಿನ ನಮ್ಮ ಮನೆಯಲ್ಲಿ ಅಕ್ಕನ ಮಾತನ್ನು ಗಮನವಿಟ್ಟು ಕೇಳಿದ್ದು ಟಿವಿ ಒಂದೇ.

ಅದನ್ನು ಶಿಗ್ಗಾವಿಯಿಂದ ತಂದವನು ನಾನು. ಅಷ್ಟು ದೊಡ್ಡ ಟಿವಿಯನ್ನು ಅಷ್ಟು ಅಗ್ಗಕ್ಕೆ ಯಾಕೆ ಕೊಟ್ಟರೆಂದು ಕೇಳಲಿಲ್ಲ. ವೀಳ್ಯದೆಲೆ ವ್ಯಾಪಾರಿ ನಾನು. ಕಟ್ಟಿನ ಒಳಗೆ ಒಂದು ಎಲೆ ಕೊಳೆತಿದ್ದರೂ ಮೂಸಿ ಹೇಳುತ್ತೇನೆ. ಟಿವಿಯ ಮೇಲೆ ಇಂಗ್ಲಿಷಿನಲ್ಲಿ ಬಂದ ಪುಟಗಟ್ಟಲೆ ಕರಾರನ್ನು ಮಾತ್ರ ಮೂಸಲೂ ಇಲ್ಲ. ನಾನು ಓದಿದ್ದು ಏಳನೆಯ ತರಗತಿ. ಒಪ್ಪಿಗೆಯ ಗುಂಡಿ ಒತ್ತಲು ಅಷ್ಟು ವಿದ್ಯೆ ಸಾಕು. ಮನೆಯವರು ಕೇಳಿದ್ದನ್ನು, ನೋಡಿದ್ದನ್ನು ಜಾಹೀರಾತಿನವರಿಗೆ ಮುಟ್ಟಿಸಲು ನಾನೇ ಅನುಮತಿ ಕೊಟ್ಟಿದ್ದೆನೆಂದು ಆಮೇಲೆ ತಿಳಿಯಿತು.

ಅಕ್ಕನಿಗೆ ಓದಲು ಬರುವುದಿಲ್ಲ. ರಿಮೋಟಿನ ಮೈಕಿನ ಗುಂಡಿ ಒತ್ತಿ ಮಾತಾಡಿದರೆ ಬೇಕಾದ್ದು ಬರುತ್ತದೆಂದು ಕಲಿಸಿದೆ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು, ಅವಳಿಗೆ ವಯಸ್ಸು ಮೂವತ್ತೆಂಟು. ನಾನು ಎಲೆ ಮಾರಲು ಹೋದ ಮೇಲೆ ಅವಳು ಆ ರಿಮೋಟಿಗೆ ಏನು ಹೇಳಿಕೊಳ್ಳುತ್ತಿದ್ದಳೋ, ನನಗೇನು ಗೊತ್ತು?

ನಾಗರ ಪಂಚಮಿಗೆ ಅಕ್ಕನ ಅತ್ತೆ ಹುಲಗೂರಿನಿಂದ ಶೇಂಗಾ ಉಂಡಿ ತಂದರು. ಅವರೆದುರು ದೊಡ್ಡಸ್ತಿಕೆ ಮೆರೆಯಬೇಕೆಂದು ಭಜನೆ ಹಚ್ಚಿದೆ. ಭಜನೆಗಿಂತ ಮೊದಲು ಜಾಹೀರಾತು ಬಂತು: ಗಂಡನನ್ನು ಕಳೆದುಕೊಂಡವರಿಗೆ ಮರುಮದುವೆಯ ವರ ಹುಡುಕಿಕೊಡುತ್ತಾರಂತೆ. ಇನ್ನೊಂದು ಭಜನೆ ಹಚ್ಚಿದರೆ ಅದೇ. ಮೂರನೆಯದಕ್ಕೂ ಅದೇ. ದೇವರ ಹಾಡಿಗೆ ಇಷ್ಟೊಂದು ವರಗಳು ಪ್ರಾಪ್ತವಾಗಿದ್ದನ್ನು ನಾನು ನೋಡಿರಲಿಲ್ಲ.

ಅತ್ತೆ ಕೈಯಲ್ಲಿದ್ದ ಉಂಡಿಯನ್ನು ತಟ್ಟೆಯಲ್ಲಿಟ್ಟರು. "ಏನೋ ತಮ್ಮಾ, ನಿಮ್ಮ ಟೀವಿಗೆ ಮದಿವಿ ಹುಚ್ಚು ಹಿಡದೈತೇನ? ಇದು ತಂತಾನ ಹೇಳತೈತೋ, ಯಾರರ ಕೇಳ್ಯಾರೋ?"

ಚಹಾ ಹಿಡಿದುಕೊಂಡು ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಮುಖ ನೋಡಿದೆ. ಕೇಳಿದವರು ಯಾರೆಂದು ತಿಳಿಯಿತು.

"ಹೌದ್ರಿ, ಕೇಳ್ಯಾಳ. ಏನ್ ತಪ್ಪು?" ಎನ್ನಬೇಕಿತ್ತು. ನಾನು ಜಾಣ. "ಬಿಡ್ರಿ ಅತ್ತಿ, ಈ ವಯಸ್ಸಿನ್ಯಾಗ ನಮ್ಮ ಅಕ್ಕಗ ಯಾರು ತಾಳಿ ಕಟ್ತಾರ್ರಿ!" ಎಂದು ನಕ್ಕೆ. ಅತ್ತೆ ನಕ್ಕರು. ಎಲ್ಲರಿಗಿಂತ ಜೋರಾಗಿ ಅಕ್ಕ ನಕ್ಕಳು. ಅವಳ ಕೈಯಲ್ಲಿದ್ದ ಕಪ್ಪಿನಿಂದ ಬಸಿಗೆ ಚಹಾ ತುಳುಕಿತ್ತು.

ಅಂದಿನಿಂದ ಅವಳು ರಿಮೋಟು ಮುಟ್ಟಿಲ್ಲ. "ನೀನ ಹಚ್ಚೋ, ನನಗೇನೂ ಬ್ಯಾಡ" ಎನ್ನುತ್ತಾಳೆ. ಟಿವಿ ಮಾತ್ರ ಅವಳಿಗೆ ಬೇಕಾದ್ದನ್ನು ಮರೆತಿಲ್ಲ. ಒಡಹುಟ್ಟಿದವನಿಗಿಲ್ಲದ ಕಾಳಜಿ ಅದಕ್ಕೆ.

ಆ ಜಾಹೀರಾತು ಈಗಲೂ ಬರುತ್ತದೆ. ಅದನ್ನು ದಾಟಿಸಲು ಐದು ಸೆಕೆಂಡು ಕಾಯಬೇಕು. ಆ ಹೊತ್ತು ಅಕ್ಕ ಗೋಡೆ ನೋಡುತ್ತಾಳೆ. "ಅಕ್ಕಾ, ನಿನಗ ಮದಿವಿ ಆಗೂ ಮನಸೈತೇನ?" ಎಂದು ಕೇಳಲು ಐದು ಸೆಕೆಂಡು ಧಾರಾಳವಾಯಿತು. ದಿನಕ್ಕೆ ನಾಲ್ಕೈದು ಸಲ ಟಿವಿ ನನಗೆ ಆ ಅವಕಾಶ ಕೊಡುತ್ತದೆ.

ನಾನು ದಾಟಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಐದು ಎಣಿಸುತ್ತೇನೆ.