ಅತ್ತೆಯ ಗಡ್ಡೆ, ಸೊಸೆಯ ಬ್ಲೇಡು

ಆಸ್ಪತ್ರೆಯ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ತೆಳ್ಳಕ್ಕ ಎಂದೇ ಕರೆಯುತ್ತಿದ್ದರು. ಮೈಕಟ್ಟು ನೋಡಿ ಇಟ್ಟ ಹೆಸರಲ್ಲ. ಅವಳು ಕೂತರೆ ಕುರ್ಚಿಯೇ ನಿಟ್ಟುಸಿರು ಬಿಡುತ್ತಿತ್ತು. ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಔಷಧಿಯಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ, ಯಂತ್ರದ ಬ್ಲೇಡಿನಲ್ಲಿ ಕೂದಲಿಗಿಂತ ತೆಳ್ಳಗೆ ಹೆರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪಕ್ಕದಲ್ಲಿ ಯಾರಾದರೂ ಸೀನಿದರೆ ಒಬ್ಬರ ಪಿತ್ತಕೋಶ ಹಾರಿಹೋಗಿ ಇನ್ನೊಬ್ಬರ ಕರುಳಿನ ಮೇಲೆ ಕೂರುತ್ತಿತ್ತು. ಹಾಗಾಗಿ ನೆಗಡಿಯಾದವರಿಗೆ ಅವಳ ಕೋಣೆಗೆ ಪ್ರವೇಶವಿರಲಿಲ್ಲ.

ಒಂದು ಸೋಮವಾರ ಅವಳ ಅತ್ತೆಯ ಬೆನ್ನಿನಿಂದ ನಿಂಬೆಹಣ್ಣಿನಷ್ಟು ಗಡ್ಡೆ ತೆಗೆದರು. ಡಬ್ಬಿ ತನ್ನ ಮೇಜಿಗೇ ಬರುತ್ತದೆಂದು ಗೊತ್ತಿದ್ದರೂ, ಮೇಲಿನ ಹೆಸರನ್ನು ತೆಳ್ಳಕ್ಕ ಎರಡೆರಡು ಸಲ ಓದಿದಳು. ಮರುದಿನ ಮೇಣದ ಅಚ್ಚನ್ನು ಯಂತ್ರಕ್ಕೆ ಸಿಕ್ಕಿಸಿ ಹಿಡಿ ತಿರುಗಿಸಿದಳು. ಮೊದಲ ಪದರ ಹರಿಯಿತು. ಎರಡನೆಯದೂ ಹರಿಯಿತು. ಬ್ಲೇಡು ಬದಲಿಸಿದಳು, ಮೂರನೆಯದೂ ಹರಿಯಿತು.

"ಬೇರೆಯವರಿಗೆ ಕೊಡಿ," ಎಂದರು ಲ್ಯಾಬಿನ ಡಾಕ್ಟರು.

"ಬೇಡ ಸರ್. ನಮ್ಮತ್ತೇನ ನಾನೇ ಕುಯ್ತೀನಿ."

"ಎಷ್ಟು ವರ್ಷದಿಂದ ಕಾಯ್ತಾ ಇದ್ರಿ?"

ನಕ್ಕ ಮೇಲೆ ಕೈ ಹಿಡಿತಕ್ಕೆ ಬಂತು. ಅಚ್ಚನ್ನು ಮಂಜುಗಡ್ಡೆಯ ಮೇಲಿಟ್ಟು ತಣಿಸಿ, ಉಸಿರು ಬಿಗಿಹಿಡಿದು ತಿರುಗಿಸಿದಳು. ರಿಬ್ಬನ್ನಿನಂಥ ಪದರ ಇಳಿಯಿತು. ಅದನ್ನು ಬೆಚ್ಚನೆಯ ನೀರಲ್ಲಿ ತೇಲಿಸಿ, ಗಾಜಿನ ಪಟ್ಟಿಗೆ ಎತ್ತಿ, ಮೇಣ ತೊಳೆದು, ನೇರಳೆ, ಗುಲಾಬಿ ಬಣ್ಣ ಹಾಕಿ ಡಾಕ್ಟರಿಗೆ ಕೊಟ್ಟಳು.

ಅವರು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ತೆಳ್ಳಕ್ಕ ಮನಸ್ಸಿನಲ್ಲೇ ಅತ್ತೆಯ ಹಳೆಯ ತಪ್ಪುಗಳನ್ನು ಒಂದೊಂದಾಗಿ ಕ್ಷಮಿಸತೊಡಗಿದಳು. ಅರ್ಧ ಮುಗಿಯುವಷ್ಟರಲ್ಲಿ ಡಾಕ್ಟರು, "ಏನೂ ಇಲ್ಲ, ಬರೀ ಕೊಬ್ಬು," ಎಂದರು. ಉಳಿದರ್ಧ ಹಾಗೇ ಉಳಿಯಿತು.

ಮನೆಗೆ ಓಡಿಬಂದು, "ಅತ್ತೆ, ಭಯ ಬೇಡ! ನಿಮಗಿರೋದು ಬರೀ ಕೊಬ್ಬಂತೆ!" ಎಂದಳು.

"ಯಾರಿಗೆ ಕೊಬ್ಬು? ಆ ಡಾಕ್ಟರು ನನ್ನ ಮುಂದೆ ನಿಂತು ಹೇಳ್ಲಿ!"

ಎಷ್ಟು ಸಮಾಧಾನ ಹೇಳಿದರೂ ಕೇಳದೆ, ವಾರ ಕಳೆದು ಹೊಲಿಗೆ ಬಿಚ್ಚಿಸಲು ಬಂದ ಅತ್ತೆ ಸೀದಾ ಲ್ಯಾಬಿಗೇ ನುಗ್ಗಿದರು. ಡಾಕ್ಟರು ನಗುತ್ತ ತಮ್ಮ ಸ್ಟೂಲು ಬಿಟ್ಟುಕೊಟ್ಟು, ಸೂಕ್ಷ್ಮದರ್ಶಕದಲ್ಲಿ ಗಡ್ಡೆಯ ಪದರ ತೋರಿಸಿದರು.

"ಬಲೆ ಇದ್ದಂಗಿದೆ. ಕೊಬ್ಬೆಲ್ಲಿ?"

"ಔಷಧಿಯಲ್ಲಿ ಅದ್ದಿದಾಗ ಕರಗಿಹೋಗುತ್ತಮ್ಮ. ಖಾಲಿ ಗೂಡಷ್ಟೇ ಉಳಿಯೋದು."

"ಯಾರು ಕರಗ್ಸಿದ್ದು?"

"ನಿಮ್ಮ ಸೊಸೇನೇ."

ಅತ್ತೆ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ಕೊಬ್ಬು ಕರಗಿಸೋಳು ಇವಳೇ ಅಂತ ಮದುವೆ ದಿನಾನೇ ಅಂದ್ಕೊಂಡಿದ್ದೆ," ಎಂದವರೇ ಮತ್ತೆ ಕಣ್ಣಿಟ್ಟರು. ಇಪ್ಪತ್ತು ನಿಮಿಷವಾದರೂ ಏಳಲಿಲ್ಲ. ಹಿಂದೆ ಡಾಕ್ಟರು ತಮ್ಮ ಜಾಗ ಖಾಲಿಯಾಗಲೆಂದು ಕೈಕಟ್ಟಿ ನಿಂತಿದ್ದರು.

"ಇನ್ನೂ ಸ್ವಲ್ಪ ಸರಿಸೇ. ಅಂಚಲ್ಲಿ ಕೆಂಪಗೆ ಏನೋ ಇದೆ."

"ಅದು ರಕ್ತನಾಳ ಅತ್ತೆ," ಎನ್ನುತ್ತ ತೆಳ್ಳಕ್ಕ ಗಾಜನ್ನು ಮೆಲ್ಲಗೆ ಸರಿಸಿದಳು.