ಅಂತೋಣಪ್ಪನವರ ಕೆಮ್ಮು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮೂರಿನ ಸ್ತುತಿಗೀತೆಗಳನ್ನು ಒಂದು ಕೆಮ್ಮಿನಿಂದ ಕೊಂದವನು ನಾನು. ಕೆಮ್ಮೂ ಒಂದು ವಿಷಯವೇ ಎಂದು ನೀವು ಮೂಗು ಮುರಿಯಬಹುದು. ಆದರೆ ಬಾಯಿ ತೆರೆಯುವ ಮುನ್ನ ಗಂಟಲು ಸರಿಮಾಡಿಕೊಳ್ಳುವ ಅರೆಕ್ಷಣದಲ್ಲಿ ಮನುಷ್ಯನ ಸಮಸ್ತ ವ್ಯಕ್ತಿತ್ವವೂ ಹೊರಗಿಣುಕುತ್ತದೆಂಬುದು ಅನುಕರಣ ವಿದ್ಯೆಯಲ್ಲಿ ಪಳಗಿದ ನನ್ನ ಸಿದ್ಧಾಂತ. ನಮ್ಮ ಫಾದರ್ ಅವರದು ಮೈಕನ್ನು ನಿದ್ದೆಯಿಂದ ಎಬ್ಬಿಸುವ ಕೆಮ್ಮು. ಕೊಳ್ಳೇಗಾಲದ ಬಸ್ ಕಂಡಕ್ಟರರದು ಚಿಲ್ಲರೆಯಿಲ್ಲವೆಂಬುದರ ಪೂರ್ವಸೂಚನೆ. ಇವರೆಲ್ಲ ನನ್ನ ಗಂಟಲಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದಾರೆ.

ಅವರಲ್ಲೆಲ್ಲ ಹಿರಿಯರು ಅಂತೋಣಪ್ಪನವರು. ಕಾಮಗೆರೆಯ ಆಚೆಗಿರುವ ನಮ್ಮ ಚರ್ಚಿನ ಗಾನವೃಂದವನ್ನು ಕಟ್ಟಿದವರು. ಬೈಬಲಿನ ಜಕರೀಯ, ಮರಿಯ, ಸಿಮೆಯೋನರ ಮೂರು ಸ್ತುತಿಗೀತೆಗಳಿಗೆ ನಾಲ್ಕು ದನಿಗಳ ರಾಗ ಕೂಡಿಸಿ, ರೇಷ್ಮೆಗೂಡು ಬಿಡಿಸಿ ಬಂದ ಹೆಂಗಸರಿಗೂ ಕಬ್ಬಿಗೆ ನೀರು ಕಟ್ಟಿ ಬಂದ ಗಂಡಸರಿಗೂ, ಎಲ್ಲೂ ಬರೆದಿಡದೆ, ಬಾಯಿಂದ ಬಾಯಿಗೆ ಕಲಿಸಿದ್ದರು. ಯೇಸುಕೂಸನ್ನು ದೇವಾಲಯಕ್ಕೆ ತಂದ ನೆನಪಿನ ಮೇಣದಬತ್ತಿ ಹಬ್ಬದಂದು ನಮ್ಮಲ್ಲೊಂದು ಪದ್ಧತಿ: ಬಾಲಯೇಸುವನ್ನು ಎತ್ತಿಕೊಂಡು, ಇನ್ನು ನೆಮ್ಮದಿಯಿಂದ ಕಣ್ಣು ಮುಚ್ಚುವೆನೆಂದ ಮುದುಕ ಸಿಮೆಯೋನನ ಪಾಲನ್ನು, ಊರಿನ ಅತಿ ಕಿರಿಯ ಕೂಸನ್ನು ತೋಳಲ್ಲಿಟ್ಟುಕೊಂಡೇ ಹಾಡಬೇಕು. ಹಾಡುತ್ತಿದ್ದವರು ಅಂತೋಣಪ್ಪನವರೇ.

ಹೋದ ವರ್ಷ ಗಂಟಲ ಕ್ಯಾನ್ಸರಿಗೆ ಆಪರೇಷನ್ ಆಗಿ ಅವರ ದನಿ ಪೂರ್ತಿ ಹೋಯಿತು. ದೇವದೂತನ ಮಾತು ನಂಬದ ಜಕರೀಯನ ಬಾಯಿ ಕಟ್ಟಿದ್ದು ಮಗ ಹುಟ್ಟುವವರೆಗೆ. ಮತ್ತೆ ಬಿಚ್ಚಿದಾಗ ಹೊಮ್ಮಿದ್ದೇ ಸ್ತುತಿ. ಅಂತೋಣಪ್ಪನವರಿಗೆ ಅಂಥ ಗಡುವನ್ನು ಯಾವ ದೇವದೂತನೂ ಕೊಡಲಿಲ್ಲ. ಹಾಡುಗಾರರು ಒಬ್ಬೊಬ್ಬರಾಗಿ ಜಾರಿಕೊಂಡರು. "ಈ ಸಲ ನೋಡೋಣ. ಸರಿಹೋಗ್ದಿದ್ರೆ ಮುಂದಿನ ವರ್ಷದಿಂದ ಪೆನ್‌ಡ್ರೈವಿನ ಹಾಡೇ," ಎಂದರು ಫಾದರ್. ಗಂಡಸರ ತಗ್ಗುದನಿಗೆ ಉಳಿದವನು ನಾನೊಬ್ಬನೇ; ಸಿಮೆಯೋನನ ಪಾಲೂ ನನಗೇ ಬಂತು.

ಹಿರಿಯರಿಗೆ ಅವರ ದನಿಯನ್ನೇ ಕಾಣಿಕೆ ಕೊಡುವ ಹುಮ್ಮಸ್ಸು ನನಗೆ. ಹಬ್ಬದ ದಿನ ಕೂಸನ್ನು ಎತ್ತಿಕೊಂಡು, ಅವರಂತೆಯೇ ಎಡಭುಜ ಇಳಿಬಿಟ್ಟು, ಅವರ ಒಣಕೆಮ್ಮು ಕೆಮ್ಮಿ, ಅವರದೇ ನಡುಗುದನಿಯಲ್ಲಿ ಶುರುಮಾಡಿದೆ. ಯಥಾವತ್ತು! ಜನ ನನ್ನನ್ನು ಬಿಟ್ಟು ಮೊದಲ ಬೆಂಚಿನಲ್ಲಿ ಕೂತಿದ್ದ ಅವರತ್ತ ತಿರುಗಿದರು. ಹಿಂದೆ ಯಾರೋ ಕಿಸಕ್ಕೆಂದರು. ನಗು ಗಾನವೃಂದಕ್ಕೂ ಅಂಟಿ ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡರು. ಬೆದರಿದ ಕೂಸು ಕಿರುಚಿತು. ನಾಲ್ಕು ದನಿ ಕುಗ್ಗಿ ಒಂದೇ ಉಳಿದು, ಆ ಒಂದೂ ನಿಂತಿತು. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಅಂತೋಣಪ್ಪನವರ ಬೆರಳು ಮೆಲ್ಲಗೆ ಮಡಿಚಿಕೊಂಡಿತು. ಫಾದರ್ ಕೀಬೋರ್ಡ್ ನುಡಿಸುವ ಹುಡುಗಿಗೆ ಬೇರೆ ಹಾಡು ಎತ್ತುವಂತೆ ಸನ್ನೆ ಮಾಡಿದರು. ಆ ಮೂರು ಗೀತೆಗಳು ನಮ್ಮೂರಿನಲ್ಲಿ ಮುಗಿದದ್ದು ಅಲ್ಲಿಗೆ.

ಪೂಜೆ ಬಿಟ್ಟ ಮೇಲೆ ಹೊಂಗೆ ಮರದಡಿ ಅಂತೋಣಪ್ಪನವರ ಮುಂದೆ ಹೋಗಿ ನಿಂತೆ. ಅವರ ತುಟಿ ಅಲ್ಲಾಡಿತು. ಅದನ್ನು ಓದಿ ಹೇಳಬಲ್ಲವರು ಹೆಂಡತಿ ರೋಸಮ್ಮ ಒಬ್ಬರೇ.

"'ನನ್ ದನಿ ಓಯ್ತು ಅಂತ ನಂಗೊತ್ತು. ಇನ್ನೊಬ್ರ ದನೀಲಾದ್ರೂ ಹಾಡು ಬದುಕ್ತದಾ ಅಂತ ನೋಡಕ್ ಬಂದಿದ್ದೆ' ಅಂತಾವ್ರೆ ಕಣ್ಲಾ."

ತಪ್ಪಾಯಿತೆನ್ನಬೇಕಿತ್ತು. ಊರವರ ಮಾತನ್ನೆಲ್ಲ ಆಡಬಲ್ಲ ಬಾಯಿಗೆ ಆ ಒಂದು ಮಾತು ಬರಲಿಲ್ಲ. ಗಂಟಲಾದರೂ ಸರಿಮಾಡಿಕೊಳ್ಳೋಣವೆಂದು ಕೆಮ್ಮಿದೆ.

ರೋಸಮ್ಮ ನನ್ನ ಮುಖವನ್ನೇ ನೋಡಿದರು.

"ಇದು ಫಾದರ್ ಕೆಮ್ಮು. ನಿಂದ್ನ ಎಲ್ಲಿ ಮಡ್ಗಿದ್ದೀಯಲಾ?"