ಗೇಣುದ್ದ ಕಡಿಮೆ ಬಿದ್ದ ಬೆಲ್ಟು

ಬೆಟಗೇರಿಯ ನೀಲಾ ಯಾರಿಗೂ ಜಗ್ಗುವ ಹೆಂಗಸಲ್ಲ. ಗದಗ–ಮುಂಡರಗಿ ಬಸ್ಸಿನಲ್ಲಿ ಒಂಬತ್ತು ವರ್ಷದಿಂದ ಕಂಡಕ್ಟರು. ಬಾಗಿಲಲ್ಲಿ ಜೋತಾಡುವ ಗಂಡಸರು ಆಕೆ ಒಮ್ಮೆ ಕಣ್ಣು ಬಿಟ್ಟರೆ ತಾವಾಗಿ ಒಳಗೆ ಸರಿಯುತ್ತಾರೆ. ಅಂಥವಳು ಯುಗಾದಿಯ ಮರುದಿನ ಟ್ರಂಕಿನಿಂದ ತೆಗೆದ ಒಂದು ಹಳೆಯ ಬೆಲ್ಟಿನ ಮುಂದೆ ಸೋತು ಕೂತಳು.

ಅದು ಕರಾಟೆಯ ಕಂದು ಬೆಲ್ಟು. ಇಪ್ಪತ್ತೆರಡರ ವಯಸ್ಸಿನಲ್ಲಿ ಬುಡ್ಡೇಸಾಬ ಸರ್ ತಮ್ಮ ಕೈಯಾರೆ ಸೊಂಟಕ್ಕೆ ಕಟ್ಟಿದ್ದು. ಇನ್ನೊಂದು ಪರೀಕ್ಷೆ ಪಾಸಾಗಿದ್ದರೆ ಕರಿ ಬೆಲ್ಟು ಬರುತ್ತಿತ್ತು. ಅಷ್ಟರಲ್ಲಿ ಮದುವೆ, ಆಮೇಲೆ ಬಾಣಂತನ, ಆಮೇಲೆ ನೌಕರಿ. ಹದಿನಾಲ್ಕು ವರ್ಷ ಹೇಗೆ ಹೋದವೋ ಹೋದವು. ಈಗ ಸರ್ ಅವರ ಮೊಣಕಾಲುಗಳೇ ಕೈಕೊಟ್ಟಿದ್ದವು. ನಾಗರ ಪಂಚಮಿ ಮುಗಿದ ಮೊದಲ ಭಾನುವಾರ ಕರಿ ಬೆಲ್ಟಿನ ತಂಡ ಶುರು, ಅದೇ ಕೊನೆ, ಮುಂದೆ ಕ್ಲಾಸು ಬಂದ್ ಎಂದು ಅವರು ಎಲ್ಲರಿಗೂ ಹೇಳಿಬಿಟ್ಟಿದ್ದರು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ನೀಲಾ ಡ್ಯೂಟಿಯ ಖಾಕಿಯಲ್ಲೇ ಓಡಿಹೋಗಿ ತನ್ನನ್ನೂ ಸೇರಿಸಿಕೊಳ್ಳಬೇಕೆಂದು ಕೇಳಿದಳು. ಸರ್ ಆಕೆಯನ್ನು ಮೇಲಿಂದ ಕೆಳಗೆ ನೋಡಿದರು.

"ಆ ಬೆಲ್ಟು ಎರಡು ಸುತ್ತು ಸುತ್ತಿ ಗಂಟು ಹಾಕಿದ ಮ್ಯಾಲ, ಎರಡೂ ಕಡೆ ಗೇಣು ಗೇಣು ಇಳೀಬೇಕು ನೀಲಾ. ಅವತ್ತ ಬಾ. ಹೊಸಾದು ಕೊಂಡು ತಂದಿ ಅಂದ್ರ ಒಳಗ ಬಿಡೂದಿಲ್ಲ."

ಮನೆಗೆ ಬಂದು ಕಟ್ಟಿದರೆ ಇಳಿದದ್ದು ನಾಲ್ಕೇ ಬೆರಳು. ಪಕ್ಕದ ಕುಣಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ ಅತ್ತೆ ಹನಮಂತವ್ವ ಇದನ್ನೆಲ್ಲ ನೋಡಿ ಮೂಗು ಮುರಿದಳು. ಈ ವಯಸ್ಸಿನಲ್ಲಿ ಕಾಲೆತ್ತಿ ಒದೆಯುವುದಾದರೂ ಯಾರನ್ನು ಎಂದು ಕೇಳಿದಳು. ಬೇಕಾದರೆ ಮಗ್ಗದಲ್ಲಿ ಒಂದು ಗೇಣು ನೇಯ್ದು ಬೆಲ್ಟಿಗೆ ಕೆಚ್ಚಿ ಕೊಡುತ್ತೇನೆಂದು ಹಂಗಿಸಿದಳು. ಮಗ್ಗದ ಮೇಲಿನ ಹಳೆಯ ಎಳೆ ಮುಗಿಯುತ್ತ ಬಂದಾಗ ಅದರ ತುದಿಗೆ ಹೊಸ ಎಳೆ ಹೊಸೆದು ಕೂಡಿಸುವುದಕ್ಕೆ ನೇಕಾರರು ಕೆಚ್ಚುವುದು ಎನ್ನುತ್ತಾರೆ. ಬೆಲ್ಟು ಇದ್ದಂತೆಯೇ ಇರಲಿ, ಕಡಿಮೆಯಾಗಬೇಕಾದದ್ದು ನನ್ನ ಸೊಂಟ ಎಂದು ನೀಲಾ ಖಡಾಖಂಡಿತವಾಗಿ ಹೇಳಿದಳು.

ಮರುದಿನದಿಂದಲೇ ಶುರುವಾಯಿತು. ನಸುಕಿನಲ್ಲಿ ಎದ್ದು ಕೆರೆಯ ಸುತ್ತ ಓಟ. ಮೊದಲ ವಾರ ಅದು ಓಟವೂ ಅಲ್ಲ, ಉಸ್ಸೆಂದು ಕೂರುವುದರ ನಡುವೆ ಒಂದಿಷ್ಟು ನಡಿಗೆ. ಮುಂಡರಗಿ ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿಯ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ಹೋಗುವುದನ್ನು ಕಲಿತಳು. ಇದು ಓಟಕ್ಕಿಂತ ಕಷ್ಟದ ಕೆಲಸ, ತಿಂದವರಿಗೇ ಗೊತ್ತು. ಇನ್ನು ಬಸ್ಸಿನಲ್ಲಿ, ಕುದುರೆಯ ಮೇಲೆ ಕೂತವರ ಹಾಗೆ ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಕಂಬಿ ಹಿಡಿಯದೆ ನಿಂತೇ ಟಿಕೆಟ್ ಕೊಡುತ್ತಿದ್ದಳು. ದಿನಾ ಮುಂಡರಗಿಗೆ ಹೋಗುವ ಸಕ್ರಪ್ಪಜ್ಜ ಪಾಪ, ಈ ಹುಡುಗಿಗೆ ಏನೋ ಕಾಲಿನ ಬ್ಯಾನಿ ಇದೆಯೆಂದು ಮರುಗಿ ತನ್ನ ಸೀಟು ಬಿಟ್ಟುಕೊಡಲು ನೋಡಿದ. ವಿಷಯ ತಿಳಿದ ಮೇಲೆ ಇಡೀ ಬಸ್ಸಿಗೇ ಹುರುಪು ಬಂತು. ಡ್ರೈವರ್ ಬ್ರೇಕ್ ಒತ್ತಿದಾಗಲೆಲ್ಲ ಕಂಡಕ್ಟರಮ್ಮ ಅಲುಗಿದಳೋ ಇಲ್ಲವೋ ಎಂದು ಎಲ್ಲರೂ ನೋಡುತ್ತಿದ್ದರು.

ಪ್ರತಿ ಭಾನುವಾರ ಬೆಳಿಗ್ಗೆ ಬೆಲ್ಟು ಕಟ್ಟಿ ನೋಡುವುದು. ಮೊದಲ ತಿಂಗಳು ನಾಲ್ಕು ಬೆರಳು. ಎರಡನೇ ತಿಂಗಳೂ ನಾಲ್ಕೇ ಬೆರಳು. ಖಾಕಿ ಅಂಗಿ ದೊಗಳೆಯಾಗಿತ್ತು, ಆದರೆ ಅದು ಒಗೆದೊಗೆದು ಹಿಗ್ಗಿದ್ದು ಎಂದುಕೊಂಡಳು. ಗಲ್ಲಗಳು ಒಳಗೆ ಹೋಗಿವೆ ಎಂದು ಗೆಳತಿಯರು ಹೇಳಿದರೆ ಬಾಯಿಮಾತಿಗೆ ಹೇಳುತ್ತಾರೆ ಎಂದುಕೊಂಡಳು. ಆಕೆ ನಂಬುತ್ತಿದ್ದದ್ದು ಆ ಬೆಲ್ಟೊಂದನ್ನೇ. ಮೂರನೇ ತಿಂಗಳು ಓಟದ ಸುತ್ತು ಇಮ್ಮಡಿ ಮಾಡಿದಳು. ಪಂಚಮಿಗೆ ಮನೆತುಂಬ ಶೇಂಗಾ ಉಂಡಿ, ಎಳ್ಳುಂಡಿ, ಒಂದನ್ನೂ ಮುಟ್ಟಲಿಲ್ಲ. ತಂಡ ಶುರುವಾಗುವ ಭಾನುವಾರ ಬೆಳಿಗ್ಗೆ ಕಟ್ಟಿ ನೋಡಿದಳು. ನಾಲ್ಕೇ ಬೆರಳು.

ನೀಲಾ ಅತ್ತಳು. ಬೆಲ್ಟನ್ನು ಸುರುಳಿ ಸುತ್ತಿ ಚೀಲದಲ್ಲಿ ಹಾಕಿಕೊಂಡು, ಸರ್ ಕೈಗೆ ಒಪ್ಪಿಸಿ ಬರುತ್ತೇನೆಂದು ಹೊರಟಳು. ಯಾಕೋ ಏನೋ, ಹನಮಂತವ್ವನೂ ಚಪ್ಪಲಿ ಮೆಟ್ಟಿ ಬೆನ್ನು ಹತ್ತಿದಳು.

ಶಾಲೆಯ ಹಿಂದಿನ ತಗಡಿನ ಪತ್ರಾ ಶೆಡ್ಡಿನಲ್ಲಿ ತಂಡ ಆಗಲೇ ಸಾಲುಗಟ್ಟಿತ್ತು. ಸರ್ ಬೆಲ್ಟನ್ನು ಕೈಗೆ ತೆಗೆದುಕೊಂಡರು. ಬಗ್ಗಿಸಿ ನೋಡಿದರು. ಮೂಗಿಗೆ ಹಿಡಿದರು.

"ಇದಕ್ಕ ಗಂಜಿ ಯಾರು ಹಾಕ್ಯಾರ?"

ಕರಾಟೆಯವರು ಬೆಲ್ಟು ಒಗೆಯುವುದಿಲ್ಲ. ಬೆವರು ಅದರಲ್ಲೇ ಉಳಿಯಬೇಕು ಎನ್ನುವುದು ಸರ್ ಕಲಿಸಿದ ಮೊದಲ ಪಾಠ. ನೀಲಾ ನೀರು ಸಹ ಸೋಕಿಸಿರಲಿಲ್ಲ. ಬಿರುಸಾಗಿದ್ದು ಟ್ರಂಕಿನಲ್ಲಿ ಬಿದ್ದು ಬಿದ್ದು ಎಂದುಕೊಂಡಿದ್ದಳು. ವಾಸನೆಯೋ, ನೇಕಾರರ ಮನೆಯೆಲ್ಲ ಗಂಜಿಯ ವಾಸನೆಯೇ ಇರುವಾಗ ಒಂದು ಬೆಲ್ಟಿನದು ಯಾರಿಗೆ ತಿಳಿಯಬೇಕು? ಆಕೆ ಮೆಲ್ಲಗೆ ಹಿಂದೆ ತಿರುಗಿದಳು. ಹನಮಂತವ್ವ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ನಾನ ಹಾಕೇನ್ರಿ ಸರ. ಗಂಜಿ ಇಲ್ಲದ ನೂಲಿಗೆ ಕಸುವು ಇರೂದಿಲ್ಲಲ್ರಿ. ಒದಿಯೂವಾಗ ನಡುವ ಹರದು ಗಿರದು, ನನ್ನ ಸೊಸಿ ಮಂದ್ಯಾಗ ನಗಿಗೀಡ ಆಗಬಾರದಂತ, ವಾರಾ ವಾರಾ ಕುದಿಯೂ ನೀರಾಗ ಅದ್ದಿ, ಗಂಜಿ ಕುಡಿಸಿ ಒಣಗ ಹಾಕತಿದ್ದೆ. ಬಾಯ್ಲೆ ಬೈದಾಕಿ, ಹೆಂಗ ಹೇಳ್ಲಿ?"

ಸರ್ ಶೆಡ್ಡಿನ ಮೂಲೆಗೆ ಹೋದರು. ಅಲ್ಲಿದ್ದ ತಮ್ಮ ಟ್ರಂಕಿನಿಂದ ಅದೇ ಅಳತೆಯ ಇನ್ನೊಂದು ಬೆಲ್ಟು ತೆಗೆದು ಎರಡನ್ನೂ ಪಕ್ಕಪಕ್ಕ ಹಾಸಿದರು. ನೀಲಾಳದ್ದು ಒಂದು ಗೇಣು, ಮೇಲೆ ನಾಲ್ಕು ಬೆರಳು ಕಡಿಮೆ. ನಾಲ್ಕು ತಿಂಗಳು ಸೊಂಟ ಇಳಿದಷ್ಟೂ ಬೆಲ್ಟು ಕುದಿಯುವ ನೀರಿಗೆ ಕುಗ್ಗುತ್ತ ಬಂದಿತ್ತು. ಸರ್ ಕುಗ್ಗದ ಆ ಇನ್ನೊಂದನ್ನು ನೀಲಾಳಿಗೆ ಕಟ್ಟಿದರು. ಎರಡು ಸುತ್ತು, ಗಂಟು, ಎರಡೂ ಕಡೆ ಸರಿಯಾಗಿ ಗೇಣು.

"ಸ್ವಂಟ ಪಾಸಾತು. ಬೆಲ್ಟ ನಪಾಸು" ಎಂದರು ಸರ್.

ನೀಲಾ ನಗತೊಡಗಿದಳು. ಮಿರ್ಚಿ ಭಜಿ ನೆನಪಾಗಿ ನಕ್ಕಳು, ಮುಟ್ಟದೆ ಬಿಟ್ಟ ಉಂಡಿ ನೆನಪಾಗಿ ನಕ್ಕಳು. ತಂಡದವರೆಲ್ಲ ಹೊಟ್ಟೆ ಹಿಡಿದುಕೊಂಡರು. ತಪ್ಪು ಮಾಡಿದವಳ ಹಾಗೆ ನಿಂತಿದ್ದ ಹನಮಂತವ್ವನಿಗೆ ಮಾತ್ರ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಟ್ಟಿಕೊಂಡದ್ದನ್ನೇ ಇಟ್ಟುಕೋ ಎಂದು ಸರ್ ತಾವೇ ಮಾಡಿದ ನಿಯಮ ಸಡಿಲಿಸಿದರು. ನೀಲಾ ಅದನ್ನು ಬಿಚ್ಚಿ ಅವರ ಕೈಗಿಟ್ಟು, ತನ್ನದನ್ನು ಎತ್ತಿಕೊಂಡು ಅತ್ತೆಯ ಹತ್ತಿರ ಹೋದಳು.

"ಅತ್ತೀ, ಕೆಚ್ಚಿ ಕೊಡ್ರಿ."

ಆ ವಾರ ಸೀರೆ ಮಗ್ಗದ ಮೇಲೆ ಅರ್ಧಕ್ಕೇ ನಿಂತಿತು. ಹನಮಂತವ್ವ ಕಂದು ನೂಲು ಹುಡುಕಿ ತಂದು ಒಂದು ಗೇಣು ನಾಲ್ಕು ಬೆರಳು ಪಟ್ಟಿ ನೇಯ್ದಳು. ಬೆಲ್ಟಿನ ತುದಿ ಬಿಚ್ಚಿ, ಕನ್ನಡಕ ಏರಿಸಿಕೊಂಡು, ಎಳೆಗೆ ಎಳೆ ಹೊಸೆದು ಕೂಡಿಸಿದಳು. ಬಣ್ಣ ಮಾತ್ರ ಪೂರ್ತಿ ಹೊಂದಲಿಲ್ಲ; ಹಳೆಯದು ಮಾಸಿದ ಕಂದು, ಹೊಸದು ಮಿರಿಮಿರಿ.

ಮುಂದಿನ ಭಾನುವಾರ ನೀಲಾ ಅದನ್ನೇ ಕಟ್ಟಿಕೊಂಡು ಸಾಲಿನ ಕೊನೆಗೆ ನಿಂತಳು. ಸರ್ ಹೆಸರು ಕೂಗಿದರು. ಹದಿನಾಲ್ಕು ವರ್ಷದ ನಂತರ ಮೊದಲ ಒದೆತ, ಗಂಟಲು ಹರಿಯುವ ಕೂಗಿನೊಂದಿಗೆ, ಸರ್ ಹಿಡಿದ ದಿಂಬಿಗೆ ಧಡ್ಡೆಂದು ಬಡಿಯಿತು. ಸರ್ ಒಂದು ಹೆಜ್ಜೆ ಹಿಂದೆ ಸರಿದರು. ಬಾಗಿಲಲ್ಲಿ ಕೂತಿದ್ದ ಹನಮಂತವ್ವ ಸೊಸೆಯ ಕಾಲು ಎಷ್ಟು ಎತ್ತರ ಹೋಯಿತೆಂದು ನೋಡಲೇ ಇಲ್ಲ. ಆಕೆಯ ಕಣ್ಣು ಕೆಚ್ಚಿದ ಜಾಗದ ಮೇಲಿತ್ತು. ಅದು ಬಿಚ್ಚಲಿಲ್ಲ.